ಕಂಪ್ಯೂಟರ್ ಕಟ್ಟೆ: ಮನೆಯ ಕಂಪ್ಯೂಟರ್‌ಗಳು ಮಾತು ಬಿಟ್ಟರೆ

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಗೋಳು. ಹೊಸ ಲ್ಯಾಪ್‌ಟಾಪ್ ಬಂತು, ಹಳೆ ಕಂಪ್ಯೂಟರಿನ ಫೋಲ್ಡರ್ ಅದರಲ್ಲಿ ತೆರೆಯುತ್ತಿಲ್ಲ. ಮನೆ ಒಂದೇ, ವೈಫೈ ಒಂದೇ, ಆದರೂ ಒಂದಕ್ಕೊಂದು ಪರಿಚಯವೇ ಇಲ್ಲ. ಹಾಗಾಗಿ ಮೊಬೈಲು, ಪ್ರಿಂಟರಿನ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆವರೆಗೆ ತಡೆದುಕೊಳ್ಳಬೇಕು.

ಶುರು ಮಾಡುವ ಮೊದಲು ಒಂದು ಮಾತು. ದಾವಣಗೆರೆಯ ಅಶೋಕ ರಸ್ತೆ ಹತ್ತಿರದ ನಮ್ಮ ರಿಪೇರಿ ಅಂಗಡಿಗೆ ಈ ತೊಂದರೆ ತರುವವರು ಬರುವಷ್ಟರಲ್ಲಿ ಒಂದೆರಡು ವಿಡಿಯೊ ನೋಡಿಯೇ ಇರುತ್ತಾರೆ. ಫೈರ್‌ವಾಲ್ ಆಫ್ ಮಾಡಿ, ಪಾಸ್‌ವರ್ಡ್ ತೆಗೆದುಬಿಡಿ, ಎಸ್‌ಎಂಬಿ 1 (ಫೈಲ್ ಹಂಚಿಕೊಳ್ಳಲು ವಿಂಡೋಸ್ ಆಡುತ್ತಿದ್ದ ಹಳೆ ಭಾಷೆ) ಆನ್ ಮಾಡಿ ಅಂತ ಅದರಲ್ಲಿ ಹೇಳಿರುತ್ತಾರೆ. ಹಾಗೆ ಮಾಡಿದರೆ ಫೋಲ್ಡರೇನೋ ತೆರೆಯುತ್ತದೆ. ಆದರೆ ಹಳೆಯದೊಂದರ ಸಲುವಾಗಿ ಹೊಸದರ ಕಾವಲನ್ನೆಲ್ಲ ಕಿತ್ತು ಹಾಕಿದ ಹಾಗಾಯಿತು. ಆ ದಾರಿ ನಾನು ಹೇಳುವುದಿಲ್ಲ. ಅದಿಲ್ಲದೆಯೂ ಬಹುತೇಕ ಕೆಲಸ ಆಗುತ್ತದೆ.

ಪ್ರಶ್ನೆ: ನನ್ನ ಡೆಸ್ಕ್‌ಟಾಪಿನಲ್ಲಿ ವಿಂಡೋಸ್ 7 ಇದೆ. ಪಹಣಿಯ ಸ್ಕ್ಯಾನ್, ಮಗಳ ಮದುವೆ ಫೋಟೊ, ನಾನು ಹಾಡಿದ ವಚನಗಳ ರೆಕಾರ್ಡಿಂಗ್ ಎಲ್ಲ ಅದರಲ್ಲೇ. ನನ್ನ ಹೆಂಡತಿಯ ವಿಂಡೋಸ್ 10 ಲ್ಯಾಪ್‌ಟಾಪಿನಲ್ಲಿ ಆ ಫೋಲ್ಡರ್ ಪಾಸ್‌ವರ್ಡ್ ಕೇಳದೆ ತೆರೆಯುತ್ತದೆ. ಮಗ ತಂದ ಹೊಸ ವಿಂಡೋಸ್ 11 ಪ್ರೊ ಲ್ಯಾಪ್‌ಟಾಪಿನಲ್ಲಿ ಮಾತ್ರ ‘ನಿಮ್ಮ ಆರ್ಗನೈಸೇಶನ್ನಿನ ಸೆಕ್ಯುರಿಟಿ ಪಾಲಿಸಿ ಗೆಸ್ಟ್ ಪ್ರವೇಶವನ್ನು ತಡೆದಿದೆ’ ಎಂಬ ಅರ್ಥದ ಇಂಗ್ಲಿಷ್ ಬರಹ ಬರುತ್ತದೆ. ನಾನು ನಿವೃತ್ತನಾಗಿ ವರ್ಷಗಳೇ ಕಳೆದವು. ನಮ್ಮ ಮನೆಯಲ್ಲಿ ಯಾವ ಆರ್ಗನೈಸೇಶನ್ ಸ್ವಾಮಿ? ಮೊದಲಿದ್ದ ಹೋಮ್‌ಗ್ರೂಪ್ ಕೂಡ ಕಾಣುತ್ತಿಲ್ಲ.
– ನಿವೃತ್ತ ಮೇಷ್ಟ್ರು, ವಿದ್ಯಾನಗರ, ದಾವಣಗೆರೆ

ಉತ್ತರ: ಮೇಷ್ಟ್ರೇ, ಕಚೇರಿಗಳಿಗೆ ಅಂತ ಬರೆದ ವಾಕ್ಯವನ್ನೇ ವಿಂಡೋಸ್ ಮನೆಯವರಿಗೂ ತೋರಿಸುತ್ತದೆ. ಇಲ್ಲಿ ಆರ್ಗನೈಸೇಶನ್ ಅಂದರೆ ನಿಮ್ಮ ಮಗನ ಲ್ಯಾಪ್‌ಟಾಪೇ, ಬೇರೆ ಯಾರೂ ಅಲ್ಲ.

ಆಗಿರುವುದು ಇಷ್ಟು. ನಿಮ್ಮ ಡೆಸ್ಕ್‌ಟಾಪಿನಲ್ಲಿ ಯಾರೋ ಯಾವಾಗಲೋ ‘ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್’ ಆಫ್ ಮಾಡಿದ್ದಾರೆ. ಆಗ ವಿಂಡೋಸ್ 7 ಗುರುತಿಲ್ಲದವರನ್ನೆಲ್ಲ ಗೆಸ್ಟ್ ಅಂತ ಒಳಗೆ ಬಿಡುತ್ತದೆ. ಮದುವೆ ಛತ್ರದಲ್ಲಿ ಊಟದ ಪಂಕ್ತಿಗೆ ಕೂತವರನ್ನು ನೀವು ಯಾರ ಕಡೆಯವರು ಅಂತ ಯಾರೂ ಕೇಳುವುದಿಲ್ಲ, ಅಲ್ವಾ? ಹಾಗೆ. ಮನೆಯವರ ವಿಂಡೋಸ್ 10 ಈ ಏರ್ಪಾಡಿಗೆ ತಕರಾರು ಮಾಡುವುದಿಲ್ಲ. ಆದರೆ ವಿಂಡೋಸ್ 11 ಪ್ರೊ 2024ರಲ್ಲಿ ಬಂದ 24ಎಚ್2 ಆವೃತ್ತಿಯಿಂದ ಗೆಸ್ಟ್ ಸಹವಾಸ ಬಿಟ್ಟಿದೆ. ಹೋಗಿ ಬರುವ ಒಂದೊಂದು ಸಂದೇಶಕ್ಕೂ ಸಹಿ ಇರಬೇಕು ಅಂತ ಅದು ಹಟ ಹಿಡಿಯುತ್ತದೆ. ಆ ಸಹಿಗೆ ಬೇಕಾದ ಕೀಲಿ ಹುಟ್ಟುವುದು ಪಾಸ್‌ವರ್ಡಿನಿಂದ. ಗೆಸ್ಟ್‌ಗೆ ಪಾಸ್‌ವರ್ಡೇ ಇಲ್ಲ, ಇನ್ನು ಸಹಿ ಎಲ್ಲಿಂದ ಬರಬೇಕು? ಯಾರಾದರೂ ರಿಜಿಸ್ಟ್ರಿಯಲ್ಲಿ (ವಿಂಡೋಸಿನ ಒಳಗಿನ ಸೆಟಿಂಗ್‌ಗಳ ಕಡತ) ಒಂದು ನಂಬರ್ ಬದಲಿಸಿದರೆ ಸಾಕು ಅಂದರೆ ಕೇಳಬೇಡಿ. ಮಗ ಅದೇ ಲ್ಯಾಪ್‌ಟಾಪ್ ಹಿಡಿದು ಹಾಸ್ಟೆಲ್ಲು, ರೈಲ್ವೆ ಸ್ಟೇಷನ್ನು ಅಂತ ತಿರುಗುತ್ತಾನೆ.

ಸರಿಯಾದ ದಾರಿ ಅಂದರೆ ಡೆಸ್ಕ್‌ಟಾಪಿನಲ್ಲಿ ಮನೆಮಂದಿಗೆಲ್ಲ ಒಂದು ಬೇರೆ ಯೂಸರ್ ಮಾಡುವುದು. ಕಂಟ್ರೋಲ್ ಪ್ಯಾನೆಲ್, ಯೂಸರ್ ಅಕೌಂಟ್ಸ್, ಮ್ಯಾನೇಜ್ ಅನದರ್ ಅಕೌಂಟ್, ಅಲ್ಲಿ ಕ್ರಿಯೇಟ್ ಎ ನ್ಯೂ ಅಕೌಂಟ್. ಹೆಸರು ‘ಮನೆ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಇಡಿ. ಸ್ಟ್ಯಾಂಡರ್ಡ್ ಯೂಸರ್ ಸಾಕು, ಅಡ್ಮಿನಿಸ್ಟ್ರೇಟರ್ ಬೇಡ. ಪಾಸ್‌ವರ್ಡ್ ಖಂಡಿತ ಕೊಡಿ. ಪಾಸ್‌ವರ್ಡ್ ಖಾಲಿ ಬಿಟ್ಟ ಯೂಸರ್ ಆ ಕಂಪ್ಯೂಟರಿನ ಮುಂದೆ ಕೂತು ಲಾಗಿನ್ ಆಗಬಹುದು, ನೆಟ್‌ವರ್ಕಿನ ಮೂಲಕ ಬಂದರೆ ವಿಂಡೋಸ್ ಒಳಗೆ ಬಿಡುವುದಿಲ್ಲ.

ಆಮೇಲೆ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಶೇರ್ ವಿತ್, ಸ್ಪೆಸಿಫಿಕ್ ಪೀಪಲ್ ಆರಿಸಿ. ಆ ಹೊಸ ಯೂಸರನ್ನು ಸೇರಿಸಿ ರೀಡ್/ರೈಟ್ ಕೊಡಿ. ‘ಎವ್ರಿವನ್’ ಇದ್ದರೆ ತೆಗೆಯಿರಿ. ಪಕ್ಕದಲ್ಲೇ ಅಡ್ವಾನ್ಸ್ಡ್ ಶೇರಿಂಗ್ ಅಂತ ಇನ್ನೊಂದು ದಾರಿ ಇದೆ, ಅಲ್ಲಿ ಜನ ಎಡವುವುದು ಜಾಸ್ತಿ. ಒಂದು ಫೋಲ್ಡರಿಗೆ ಎರಡು ಥರದ ಅನುಮತಿ ಇರುತ್ತದೆ. ಶೇರಿಂಗ್‌ನಲ್ಲಿ ಕೊಡುವುದು ಒಂದು, ಸೆಕ್ಯುರಿಟಿ ಎಂಬ ಟ್ಯಾಬಿನಲ್ಲಿ ಇರುವುದು ಇನ್ನೊಂದು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಶೇರಿಂಗ್‌ನಲ್ಲಿ ಫುಲ್ ಕಂಟ್ರೋಲ್ ಕೊಟ್ಟು, ಸೆಕ್ಯುರಿಟಿಯಲ್ಲಿ ಹೆಸರೇ ಹಾಕದಿದ್ದರೆ ಫೋಲ್ಡರ್ ಕಾಣುತ್ತದೆ, ಒತ್ತಿದರೆ ಆಕ್ಸೆಸ್ ಡಿನೈಡ್. ನಾನು ಹೇಳಿದ ಮೊದಲ ದಾರಿಯಲ್ಲಿ ಎರಡೂ ಒಟ್ಟಿಗೆ ಸರಿಯಾಗುತ್ತವೆ. ಕೊನೆಗೆ ನೆಟ್‌ವರ್ಕ್ ಅಂಡ್ ಶೇರಿಂಗ್ ಸೆಂಟರಿಗೆ ಹೋಗಿ ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆನ್ ಮಾಡಿ. ಇನ್ನು ಮೇಲೆ ಮನೆಯವರ ಲ್ಯಾಪ್‌ಟಾಪ್ ಕೂಡ ಪಾಸ್‌ವರ್ಡ್ ಕೇಳುತ್ತದೆ, ಮೊದಲೇ ಹೇಳಿಬಿಡಿ. ಇಲ್ಲಾಂದ್ರೆ ಕೆಟ್ಟುಹೋಯಿತು ಅಂತ ನಿಮಗೇ ಬೈಗುಳ.

ಈಗ ಮಗನ ಲ್ಯಾಪ್‌ಟಾಪ್. ಸೆಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್‌ನೆಟ್, ವೈಫೈ, ಅದರ ಪ್ರಾಪರ್ಟೀಸ್. ಅಲ್ಲಿ ಪಬ್ಲಿಕ್ ಇದ್ದರೆ ಪ್ರೈವೇಟ್ ಮಾಡಿ. ಮನೆಯ ವೈಫೈಗೆ ಮಾತ್ರ. ಎಷ್ಟೋ ಮನೆಗಳಲ್ಲಿ ಫೈರ್‌ವಾಲ್ ಆಫ್ ಮಾಡಿಸಿರುವುದು ಈ ಒಂದು ಬಟನ್ ಗೊತ್ತಿಲ್ಲದೆ. ಪ್ರೈವೇಟ್ ಅಂದ ತಕ್ಷಣ ಫೈರ್‌ವಾಲ್ ಮನೆಯೊಳಗಿನ ಶೇರಿಂಗಿಗೆ ತಾನೇ ದಾರಿ ಬಿಡುತ್ತದೆ.

ಡೆಸ್ಕ್‌ಟಾಪಿನ ಐಪಿ ನಂಬರ್, ಅಂದರೆ ನೆಟ್‌ವರ್ಕಿನಲ್ಲಿ ಅದರ ವಿಳಾಸ ಬೇಕು. ಅಲ್ಲಿ ಸ್ಟಾರ್ಟ್ ಒತ್ತಿ ಸಿಎಂಡಿ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ ಕಪ್ಪು ಕಿಟಕಿ ತೆರೆಯುತ್ತದೆ. ಅದರಲ್ಲಿ ಐಪಿಕಾನ್ಫಿಗ್ ಅಂತ ಇಂಗ್ಲಿಷಿನಲ್ಲಿ, ನಡುವೆ ಜಾಗ ಬಿಡದೆ ಹೊಡೆದು ಎಂಟರ್ ಒತ್ತಿ. ಐಪಿವಿ4 ಅಡ್ರೆಸ್ ಎದುರಿಗೆ 192.168.1.7 ಥರದ ನಂಬರ್ ಇರುತ್ತದೆ. ಮಗನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, \\192.168.1.7 ಅಂತ ಹೊಡೆಯಿರಿ. ಗೆರೆಗಳು ಹಿಂದಕ್ಕೆ ವಾಲಿರಬೇಕು. ಯೂಸರ್ ನೇಮ್ ಕೇಳಿದಾಗ ಬರೀ ಯೂಸರಿನ ಹೆಸರು ಹಾಕುವ ಬದಲು ಮೊದಲು ಡೆಸ್ಕ್‌ಟಾಪಿನ ಹೆಸರು, ಒಂದು ಹಿಂದಕ್ಕೆ ವಾಲಿದ ಗೆರೆ, ಆಮೇಲೆ ಯೂಸರ್ ಹೆಸರು ಹಾಕಿ. ಯಾವ ಕಂಪ್ಯೂಟರಿನ ಯೂಸರ್ ಅಂತ ಗೊಂದಲ ಆಗುವುದಿಲ್ಲ. ಹಿಂದೆ ಯಾವುದಾದರೂ ಪಾಸ್‌ವರ್ಡ್ ಹಾಕಿ ನೆನಪಿಟ್ಟುಕೋ ಅಂದಿದ್ದರೆ, ಲ್ಯಾಪ್‌ಟಾಪ್ ಅದನ್ನೇ ಮತ್ತೆ ಮತ್ತೆ ಕೊಟ್ಟು ಸೋಲುತ್ತಿರುತ್ತದೆ. ಕಂಟ್ರೋಲ್ ಪ್ಯಾನೆಲ್ಲಿನ ಕ್ರೆಡೆನ್ಶಿಯಲ್ ಮ್ಯಾನೇಜರಿಗೆ ಹೋಗಿ ಹಳೆಯದನ್ನು ಅಳಿಸಿ.

ತೆರೆಯಿತಾ? ಹಾಗಾದರೆ ಮ್ಯಾಪ್ ನೆಟ್‌ವರ್ಕ್ ಡ್ರೈವ್ ಮಾಡಿ ಒಂದು ಅಕ್ಷರ ಕೊಟ್ಟುಬಿಡಿ. ಆದರೆ ನಮ್ಮೂರಲ್ಲಿ ಕರೆಂಟ್ ಹೋಗಿ ಬಂದರೆ ರೂಟರ್ ಹೊಸದಾಗಿ ಐಪಿ ಹಂಚುತ್ತದೆ. ನಿನ್ನೆ 7 ಇದ್ದದ್ದು ಇವತ್ತು 4 ಆಗಿರಬಹುದು. ರೂಟರಿನ ಸೆಟಿಂಗಿನಲ್ಲಿ ಅಡ್ರೆಸ್ ರಿಸರ್ವೇಶನ್ ಅಂತ ಇರುತ್ತದೆ, ಡೆಸ್ಕ್‌ಟಾಪಿಗೆ ಅಲ್ಲಿ ಖಾಯಂ ನಂಬರ್ ಕೊಡಿಸಿ. ಡೆಸ್ಕ್‌ಟಾಪ್ ಸ್ಲೀಪ್‌ಗೆ ಹೋದರೂ ಫೋಲ್ಡರ್ ಸಿಗುವುದಿಲ್ಲ, ಪವರ್ ಆಪ್ಶನ್ಸ್ ನೋಡಿ.

ಹೋಮ್‌ಗ್ರೂಪ್ ಹುಡುಕಬೇಡಿ. ಅದು ವಿಂಡೋಸ್ 7ರ ಜೊತೆ ಬಂತು, 2018ರಲ್ಲಿ ವಿಂಡೋಸ್ 10ರ 1803 ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದರು.

ಇನ್ನೊಂದು. ನೀವು ಡೆಸ್ಕ್‌ಟಾಪಿನಿಂದ ಮಗನ ಫೋಲ್ಡರ್ ತೆರೆಯಲು ಹೋದರೆ ಅವನು ದಿನಾ ಒತ್ತುವ ನಾಲ್ಕಂಕಿಯ ಪಿನ್ ನಡೆಯುವುದಿಲ್ಲ. ಪಿನ್ ಆ ಲ್ಯಾಪ್‌ಟಾಪಿನ ಕೀಬೋರ್ಡಿಗೆ ಮಾತ್ರ. ಅವನಲ್ಲೂ ಇದೇ ಥರ ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದ ಒಂದು ಲೋಕಲ್ ಯೂಸರ್ ಮಾಡಿಸಿ.

ಕೇಳದೇ ಹೇಳುತ್ತೇನೆ, ಬೇಜಾರಾಗಬೇಡಿ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ಮೈಕ್ರೋಸಾಫ್ಟ್ ಕೈ ಎತ್ತಿದೆ. ಮಗಳ ಮದುವೆ ಫೋಟೊ ಇರುವುದು ಆ ಒಂದೇ ಹಳೆ ಹಾರ್ಡ್‌ಡಿಸ್ಕಿನಲ್ಲಿ ಅಂತ ನಿಮ್ಮ ಪತ್ರದಿಂದ ಅನ್ನಿಸಿತು. ಶೇರಿಂಗ್ ಕೆಲಸ ಶುರುವಾದ ದಿನವೇ ಎಲ್ಲವನ್ನೂ ಮಗನ ಲ್ಯಾಪ್‌ಟಾಪಿಗೆ ಒಂದು ಪ್ರತಿ, ಹೊರಗಿನ ಡಿಸ್ಕಿಗೆ ಒಂದು ಪ್ರತಿ ಇಳಿಸಿ. ವಚನಗಳನ್ನೂ.

ಪ್ರಶ್ನೆ: ಕೆಳಗಿನ ಮನೆಯಲ್ಲಿ ಫೈಬರ್ ಕನೆಕ್ಷನ್ ಇದೆ. ಮಹಡಿಗೆ ಸಿಗ್ನಲ್ ಬರುವುದಿಲ್ಲ ಅಂತ ಕೇಬಲ್ ಎಳೆದು ಮೇಲೊಂದು ವೈಫೈ ರೂಟರ್ ಹಾಕಿಸಿದೆವು. ಮೇಲಿನ ಲ್ಯಾಪ್‌ಟಾಪಿನಿಂದ ಕೆಳಗಿನ ಕಂಪ್ಯೂಟರಿನ ಫೋಲ್ಡರ್ ಐಪಿ ಹೊಡೆದರೆ ತೆರೆಯುತ್ತದೆ. ಕೆಳಗಿನಿಂದ ಮೇಲಿನದು ಏನು ಮಾಡಿದರೂ ಇಲ್ಲ. ಎರಡರಲ್ಲೂ ವಿಂಡೋಸ್ ಬೇರೆ ಬೇರೆ ಆಗಿರುವುದು ಕಾರಣವೇ?
– ಹೊಳಲ್ಕೆರೆ ರಸ್ತೆ, ಚಿತ್ರದುರ್ಗ

ಉತ್ತರ: ವಿಂಡೋಸ್ ಪಾಪ, ಅದರದ್ದೇನೂ ತಪ್ಪಿಲ್ಲ. ಎರಡೂ ಕಡೆ ಐಪಿ ನೋಡಿ. ಕೆಳಗೆ 192.168.1ರಿಂದ, ಮೇಲೆ 192.168.0ರಿಂದ ಶುರುವಾಗುವ ನಂಬರ್ ಇರಬೇಕು. ಅಂದರೆ ನಿಮ್ಮ ಮನೆಯಲ್ಲಿ ಈಗ ಎರಡು ನೆಟ್‌ವರ್ಕ್ ಇವೆ. ಮೇಲಿನ ರೂಟರ್ ಕೆಳಗಿನ ಮನೆಯನ್ನೇ ಹೊರಗಿನ ಇಂಟರ್‌ನೆಟ್ ಅಂದುಕೊಂಡಿದೆ. ಮೇಲಿನಿಂದ ಹೊರಟಿದ್ದನ್ನು ಹೋಗಲು ಬಿಡುತ್ತದೆ, ಕೆಳಗಿನಿಂದ ಬಂದದ್ದನ್ನು ಅಪರಿಚಿತರು ಅಂತ ತಳ್ಳುತ್ತದೆ. ಒಂದು ಕಡೆಯಿಂದ ಮಾತ್ರ ತೆರೆಯುತ್ತದೆ ಅಂದ ತಕ್ಷಣ ಅನುಮಾನ ರೂಟರಿನ ಮೇಲೆ ಬರಬೇಕು.

ಮೇಲಿನ ರೂಟರಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದಕ್ಕೆ ಬದಲಿಸಿ, ಮುಗಿಯಿತು. ಇಲ್ಲದಿದ್ದರೆ ಅದರ ಸೆಟಿಂಗಿಗೆ ಹೋಗಿ ಮೊದಲು ಅದರ ಸ್ವಂತ ಅಡ್ರೆಸ್ಸನ್ನು ಕೆಳಗಿನ ಸಾಲಿಗೆ ಸೇರುವ, ಬೇರೆ ಯಾರಿಗೂ ಕೊಡದ ನಂಬರಿಗೆ ಬದಲಿಸಿ, ಐಪಿ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ. ಆಮೇಲೆ ಕೆಳಗಿನಿಂದ ಬಂದ ಕೇಬಲನ್ನು ವ್ಯಾನ್ ಎಂದು ಬರೆದಿರುವ ತೂತಿನಿಂದ ಕಿತ್ತು ಲ್ಯಾನ್ ತೂತುಗಳಲ್ಲಿ ಒಂದಕ್ಕೆ ಸಿಕ್ಕಿಸಿ. ವ್ಯಾನ್ ತೂತು ಸಾಮಾನ್ಯವಾಗಿ ಬೇರೆ ಬಣ್ಣದಲ್ಲಿ ಇರುತ್ತದೆ. ಹಾಗೇ ಯಾವುದಾದರೂ ಲ್ಯಾಪ್‌ಟಾಪ್ ರೂಟರಿನ ‘ಗೆಸ್ಟ್’ ವೈಫೈಗೆ ಸೇರಿಕೊಂಡಿದೆಯಾ ನೋಡಿ. ಗೆಸ್ಟ್ ವೈಫೈನಲ್ಲಿ ಒಂದು ಯಂತ್ರ ಇನ್ನೊಂದನ್ನು ನೋಡದ ಹಾಗೆ ಬೇಕೆಂದೇ ತಡೆದಿರುತ್ತಾರೆ.

ಪ್ರಶ್ನೆ: ನಮ್ಮದು ಡಿಟಿಪಿ ಸೆಂಟರ್. ಲಗ್ನಪತ್ರಿಕೆ, ಬಿಲ್‌ಬುಕ್, ಕರಪತ್ರ ಮಾಡುತ್ತೇವೆ. ಹಳೆ ಡಿಸೈನ್ ಎಲ್ಲ ಪೇಜ್‌ಮೇಕರಿನಲ್ಲಿವೆ, ಅದು ಇರುವುದು ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನಲ್ಲಿ. ಹೊಸದು ವಿಂಡೋಸ್ 11. ಪರಿಚಯದವರೊಬ್ಬರು ಎಸ್‌ಎಂಬಿ 1 ಆನ್ ಮಾಡಿಕೊಟ್ಟರು, ಚೆನ್ನಾಗಿ ನಡೆಯಿತು. ನಡುವೆ ಕೆಲವು ವಾರ ಹೊಸ ಕಂಪ್ಯೂಟರಿನಿಂದ ಎಕ್ಸ್‌ಪಿಗೆ ಕೈ ಹಾಕುವ ಕೆಲಸವೇ ಬರಲಿಲ್ಲ. ಈಗ ನೋಡಿದರೆ ಮತ್ತೆ ತೆರೆಯುತ್ತಿಲ್ಲ. ವೈರಸ್ಸೇ?
– ಲಕ್ಷ್ಮೀ ಬಜಾರ್, ಚಿತ್ರದುರ್ಗ

ಉತ್ತರ: ವೈರಸ್ ಅಲ್ಲ. ಎಸ್‌ಎಂಬಿ 1 ಆನ್ ಮಾಡುವಾಗ ಅದರ ಕೆಳಗೆ ‘ಆಟೊಮ್ಯಾಟಿಕ್ ರಿಮೂವಲ್’ ಅಂತ ಇನ್ನೊಂದು ಚೌಕ ಇರುತ್ತದೆ. ಅದಕ್ಕೆ ಟಿಕ್ ಇದ್ದರೆ, ಕಂಪ್ಯೂಟರ್ ಆನ್ ಇದ್ದ ಲೆಕ್ಕದಲ್ಲಿ 15 ದಿನ ಆ ಸೌಲಭ್ಯ ಬಳಸದೇ ಹೋದರೆ ವಿಂಡೋಸ್ ತಾನೇ ಕಿತ್ತು ಹಾಕುತ್ತದೆ. ಒಳ್ಳೆಯದೇ ಮಾಡಿದೆ. ಮತ್ತೆ ಹಾಕಬೇಡಿ.

ಯಾಕೆ ಅಂತ ಹೇಳುತ್ತೇನೆ. ಎಸ್‌ಎಂಬಿ ಅಂದರೆ ವಿಂಡೋಸ್ ಕಂಪ್ಯೂಟರ್‌ಗಳು ಫೈಲ್ ಹಂಚಿಕೊಳ್ಳುವಾಗ ಆಡುವ ಭಾಷೆ. ಅದರ ಎರಡನೇ ಆವೃತ್ತಿ ಬಂದದ್ದು ವಿಸ್ಟಾ ಕಾಲಕ್ಕೆ. ಎಕ್ಸ್‌ಪಿ ಅದಕ್ಕಿಂತ ಹಿಂದಿನದು, 2001ರದ್ದು. ಅದಕ್ಕೆ ಮೊದಲನೆಯದು ಬಿಟ್ಟು ಬೇರೆ ಬರುವುದೇ ಇಲ್ಲ, ಕಲಿಸಲೂ ಆಗುವುದಿಲ್ಲ. ಆ ಮೊದಲನೆಯದರಲ್ಲಿದ್ದ ತೂತಿನಿಂದಲೇ 2017ರ ಮೇ 12ರಂದು ವನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನ ತುಂಬ ಹಬ್ಬಿದ್ದು. ಫೈಲುಗಳಿಗೆಲ್ಲ ಬೀಗ ಜಡಿದು, ಬಿಡಿಸಲು ಬಿಟ್‌ಕಾಯಿನ್ ಕೇಳುತ್ತಿತ್ತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಅದಕ್ಕೆ ಮದ್ದು ಅದೇ ವರ್ಷ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. 2014ರ ಏಪ್ರಿಲ್‌ನಲ್ಲೇ ಕೈಬಿಟ್ಟಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ವಿಶೇಷವಾಗಿ ಅಪ್‌ಡೇಟ್ ಕೊಡಬೇಕಾಯಿತು. 2017ರ ಕೊನೆಗೆ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಶುರು ಮಾಡಿ ಎಸ್‌ಎಂಬಿ 1ನ್ನು ಹೊಸ ಇನ್‌ಸ್ಟಾಲೇಶನ್‌ಗಳಿಂದ ಹಂತ ಹಂತವಾಗಿ ತೆಗೆಯುತ್ತ ಬಂದರು.

ನಿಮ್ಮ ಅಂಗಡಿಯಲ್ಲಿ ಇದು ಇನ್ನೂ ಸೂಕ್ಷ್ಮ. ದಿನವಿಡೀ ಗಿರಾಕಿಗಳ ಪೆನ್‌ಡ್ರೈವ್ ಬಂದು ಸಿಕ್ಕಿಕೊಳ್ಳುತ್ತವೆ. ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಬದಲಾಗುವ ವೈರಸ್ ನೋಡದ ಡಿಟಿಪಿ ಸೆಂಟರ್ ಈ ಎರಡು ಜಿಲ್ಲೆಯಲ್ಲಿ ಇದ್ದರೆ ತೋರಿಸಿ!

ನನ್ನ ಸಲಹೆ: ಎಕ್ಸ್‌ಪಿ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ. ಹೊಸ ಕಂಪ್ಯೂಟರಿನಲ್ಲಿ ವರ್ಚುವಲ್‌ಬಾಕ್ಸ್ (ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಡೆಸುವ ತಂತ್ರಾಂಶ) ಹಾಕಿ, ನಿಮ್ಮ ಎಕ್ಸ್‌ಪಿ ಸಿಡಿಯಿಂದ ಅದರೊಳಗೆ ಎಕ್ಸ್‌ಪಿ, ಅದರಲ್ಲಿ ಪೇಜ್‌ಮೇಕರ್. ಆ ಒಳಗಿನ ಎಕ್ಸ್‌ಪಿಗೆ ನೆಟ್‌ವರ್ಕ್ ಅಡಾಪ್ಟರ್ ಟಿಕ್ ತೆಗೆಯಿರಿ. ಫೈಲ್ ಕೊಡಲು ವರ್ಚುವಲ್‌ಬಾಕ್ಸಿನದೇ ಶೇರ್ಡ್ ಫೋಲ್ಡರ್ ಸೌಲಭ್ಯ ಇದೆ, ಅದಕ್ಕೆ ನೆಟ್‌ವರ್ಕೂ ಬೇಡ, ಎಸ್‌ಎಂಬಿ 1 ಕೂಡ ಬೇಡ. ಪ್ರಿಂಟ್ ತೆಗೆಯುವಾಗ ಪಿಡಿಎಫ್ ಮಾಡಿಕೊಂಡು ವಿಂಡೋಸ್ 11ರಿಂದ ತೆಗೆಯಿರಿ. ಇಷ್ಟೆಲ್ಲ ರಗಳೆ ಬೇಡ ಅಂದರೆ ಎರಡರ ನಡುವೆ ಓಡಾಡಲು ಅಂತಲೇ ಒಂದು ಪೆನ್‌ಡ್ರೈವ್ ಇಟ್ಟುಕೊಳ್ಳಿ, ಗಿರಾಕಿಗಳದ್ದರ ಜೊತೆ ಬೆರೆಸಬೇಡಿ. ಪೆನ್‌ಡ್ರೈವಿನ ಫಾರ್ಮ್ಯಾಟ್ ಫ್ಯಾಟ್32 ಇದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ, ಎನ್‌ಟಿಎಫ್‌ಎಸ್ ಮಾಡಿದರೆ ಎಕ್ಸ್‌ಪಿಯೂ ಓದುತ್ತದೆ, 11ನೂ ಓದುತ್ತದೆ. ಲಗ್ನಪತ್ರಿಕೆಗೆ ಅಷ್ಟು ದೊಡ್ಡ ಫೈಲ್ ಬರುವುದಿಲ್ಲ ಬಿಡಿ.

ಪ್ರಶ್ನೆ: ನೆಟ್‌ವರ್ಕಿನಿಂದ ಅಣ್ಣನ ಕಂಪ್ಯೂಟರಿನಲ್ಲಿರುವ ನನ್ನ ಕಥೆಗಳ ಫೈಲ್ ತೆರೆದರೆ ಬರೀ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಬರುತ್ತವೆ. ಬರುವ ದಾರಿಯಲ್ಲಿ ಫೈಲ್ ಹಾಳಾಗುತ್ತಿದೆಯೇ?
– ಹವ್ಯಾಸಿ ಬರಹಗಾರ್ತಿ, ಹರಿಹರ

ಉತ್ತರ: ಹಾಳಾಗಿಲ್ಲ, ತಂಗಿ. ನೀವು ಕಳಿಸಿದ ಫೋಟೊದಲ್ಲಿ ಮೊದಲ ಸಾಲು ನೋಡಿದೆ. ಇಂಗ್ಲಿಷಿನ ಪಿ, ಅದರ ಪಕ್ಕ ತಲೆಯ ಮೇಲೆ ಗೀಟು ಇರುವ ಎ, ಆಮೇಲೆ ಪೌಂಡ್ ಹಣದ ಗುರುತು, ಮುಂದೆ ಒಂದು ಕ್ಯೂ. ನುಡಿ ತಂತ್ರಾಂಶದ ಹಳೆ ಫಾಂಟಿನಲ್ಲಿ ‘ಕನ್ನಡ’ ಅಂತ ಟೈಪ್ ಮಾಡಿದರೆ ಫೈಲಿನಲ್ಲಿ ಉಳಿಯುವುದು ಇದೇ. ಆ ಫಾಂಟ್ ಇರುವ ಕಂಪ್ಯೂಟರ್ ಇವುಗಳ ಮೇಲೆ ಕನ್ನಡದ ಆಕಾರ ತೋರಿಸುತ್ತದೆ. ನಿಮ್ಮದರಲ್ಲಿ ಆ ಫಾಂಟ್ ಇಲ್ಲ, ಅಷ್ಟೇ. ಶೇರಿಂಗ್ ಸರಿಯಾಗಿಯೇ ಇದೆ.

ಸದ್ಯಕ್ಕೆ ನುಡಿ ಹಾಕಿಕೊಂಡರೆ ಓದಬಹುದು. ಆದರೆ ಕಥೆಗಳನ್ನೆಲ್ಲ ಯುನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ಒಪ್ಪುವ ಅಕ್ಷರ ಸಂಕೇತಕ್ಕೆ, ಬದಲಿಸಿಕೊಳ್ಳಿ. ನುಡಿ, ಬರಹ ಎರಡರಲ್ಲೂ ಪರಿವರ್ತಕ ಇದೆ. ಬದಲಿಸಿದ ಮೇಲೆ ಒಮ್ಮೆ ಪೂರ್ತಿ ಓದಿ, ಒತ್ತಕ್ಷರ ಮತ್ತು ಅರ್ಕಾವೊತ್ತು ಇರುವ ಕಡೆ ಆಗಾಗ ತಪ್ಪುತ್ತದೆ. ಯುನಿಕೋಡ್ ಕನ್ನಡಕ್ಕೆ ಎಕ್ಸ್‌ಪಿ ಕಾಲದಿಂದ ತುಂಗಾ ಫಾಂಟ್, ವಿಂಡೋಸ್ 8ರಿಂದ ನಿರ್ಮಲಾ ಫಾಂಟ್ ಜೊತೆಗೇ ಬರುತ್ತದೆ. ಯಾವ ಕಂಪ್ಯೂಟರಿನಲ್ಲಿ ತೆರೆದರೂ ಓದಬಹುದು. ಕಥೆಯೊಳಗಿನ ಪಾತ್ರದ ಹೆಸರು ಹಾಕಿ ಹುಡುಕಿದರೂ ಸಿಗುತ್ತದೆ, ಈಗ ಹುಡುಕಿದರೆ ಸಿಗುವುದಿಲ್ಲ.

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲಿ ಉಬುಂಟು ಲಿನಕ್ಸ್, ಅಪ್ಪನದರಲ್ಲಿ ವಿಂಡೋಸ್ 10. ವಿಂಡೋಸ್ ಜೊತೆ ಫೈಲ್ ಹಂಚಿಕೊಳ್ಳುವ ಸಾಂಬಾ ತಂತ್ರಾಂಶ ಹಾಕಿ ಫೋಲ್ಡರ್ ಶೇರ್ ಮಾಡಿದೆ. ವಿಂಡೋಸ್ ಪಾಸ್‌ವರ್ಡ್ ಕೇಳುತ್ತದೆ, ನನ್ನ ಉಬುಂಟು ಪಾಸ್‌ವರ್ಡ್ ಸರಿಯಾಗಿ ಹಾಕಿದರೂ ಒಪ್ಪುವುದಿಲ್ಲ.
– ಇಂಜಿನಿಯರಿಂಗ್ ವಿದ್ಯಾರ್ಥಿನಿ, ನಿಟುವಳ್ಳಿ, ದಾವಣಗೆರೆ

ಉತ್ತರ: ಸಾಂಬಾ ತನ್ನ ಪಾಸ್‌ವರ್ಡ್ ಪಟ್ಟಿಯನ್ನು ಬೇರೆಯೇ ಇಟ್ಟುಕೊಂಡಿರುತ್ತದೆ. ನಿಮ್ಮ ಲಾಗಿನ್ ಪಾಸ್‌ವರ್ಡ್ ಅದಕ್ಕೆ ಗೊತ್ತಿಲ್ಲ. ಟರ್ಮಿನಲ್ಲಿನಲ್ಲಿ ಸುಡೋ, ಆಮೇಲೆ ಎಸ್‌ಎಂಬಿ ಮತ್ತು ಪಾಸ್‌ಡಬ್ಲ್ಯುಡಿ ಸೇರಿಸಿ ಒಂದೇ ಪದ, ಆಮೇಲೆ ಹೈಫನ್ ಎ, ಆಮೇಲೆ ನಿಮ್ಮ ಯೂಸರ್ ಹೆಸರು. ಎಂಟರ್ ಒತ್ತಿದರೆ ಹೊಸ ಪಾಸ್‌ವರ್ಡ್ ಕೇಳುತ್ತದೆ. ವಿಂಡೋಸ್‌ಗೆ ಕೊಡಬೇಕಾದ್ದು ಅದನ್ನು.

ಅಪ್ಪನ ಫೋಲ್ಡರನ್ನು ನೀವು ತೆರೆಯಬೇಕಾದರೆ ಉಬುಂಟುವಿನ ಫೈಲ್ಸ್‌ನಲ್ಲಿ ಎಸ್‌ಎಂಬಿ ಅಂತ ಇಂಗ್ಲಿಷಿನಲ್ಲಿ ಬರೆದು ಕೋಲನ್, ಎರಡು ಮುಂದಕ್ಕೆ ವಾಲಿದ ಗೆರೆ, ಐಪಿ ನಂಬರ್. ಇಲ್ಲಿ ಗೆರೆ ವಾಲುವ ದಿಕ್ಕು ವಿಂಡೋಸ್‌ಗೆ ಉಲ್ಟಾ. ಫೈಲಿಗೆ ಹೆಸರಿಡುವಾಗಲೂ ಹುಷಾರು. ಉಬುಂಟುವಿನಲ್ಲಿ ‘ಲ್ಯಾಬ್ 10:30’ ಅಂತ ಇಟ್ಟರೆ ನಡೆಯುತ್ತದೆ. ವಿಂಡೋಸ್ ಕೋಲನ್ ಒಪ್ಪುವುದಿಲ್ಲ, ಅದಕ್ಕೆ ಸಾಂಬಾ ಆ ಹೆಸರನ್ನು ಕತ್ತರಿಸಿ ಗುರುತು ಸಿಗದ ಹಾಗೆ ಮಾಡಿ ತೋರಿಸುತ್ತದೆ.

ಅಂದಹಾಗೆ ಈ ಸಾಂಬಾ ಶುರು ಮಾಡಿದವರು ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್. 1992ರ ಸುಮಾರಿಗೆ ಅವರೂ ನಿಮ್ಮ ಹಾಗೆ ವಿದ್ಯಾರ್ಥಿ, ಕ್ಯಾನ್‌ಬೆರಾದಲ್ಲಿ ಪಿಎಚ್‌ಡಿ ಮಾಡುತ್ತಿದ್ದರು.

ಪ್ರಶ್ನೆ: ಐಪಿ ಹೊಡೆದರೆ ಫೋಲ್ಡರ್ ತೆರೆಯುತ್ತದೆ, ಆದರೆ ಎಕ್ಸ್‌ಪ್ಲೋರರಿನ ನೆಟ್‌ವರ್ಕ್ ಪಟ್ಟಿಯಲ್ಲಿ ಕಂಪ್ಯೂಟರಿನ ಹೆಸರೇ ಕಾಣುವುದಿಲ್ಲ.
– ಚಳ್ಳಕೆರೆ

ಉತ್ತರ: ತೆರೆಯುತ್ತದಲ್ಲ, ಸಂತೋಷಪಡಿ. ಆ ಪಟ್ಟಿಯನ್ನು ನಾನು ನಂಬುವುದನ್ನೇ ಬಿಟ್ಟಿದ್ದೇನೆ. ಹಿಂದೆ ಪಟ್ಟಿ ಮಾಡುತ್ತಿದ್ದ ಕಂಪ್ಯೂಟರ್ ಬ್ರೌಸರ್ ಎಂಬ ಸರ್ವಿಸ್ ನಿಂತಿದ್ದದ್ದೇ ಎಸ್‌ಎಂಬಿ 1ರ ಮೇಲೆ, ಅದರ ಜೊತೆಗೇ ಹೋಯಿತು. ಈಗ ಪ್ರತಿ ಕಂಪ್ಯೂಟರೂ ತನ್ನ ಹೆಸರನ್ನು ತಾನೇ ಸಾರಿಕೊಳ್ಳಬೇಕು. ಕಾಣದ ಕಂಪ್ಯೂಟರಿನಲ್ಲಿ ಸರ್ವಿಸಸ್ ತೆರೆದು ‘ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್’ ಅನ್ನು ಆಟೊಮ್ಯಾಟಿಕ್‌ಗೆ ಬದಲಿಸಿ, ಸ್ಟಾರ್ಟ್ ಮಾಡಿ. ನೆಟ್‌ವರ್ಕ್ ಡಿಸ್ಕವರಿ ಆನ್ ಇರಲಿ. ಆದರೂ ಒಮ್ಮೊಮ್ಮೆ ಕಾಣುತ್ತದೆ, ಒಮ್ಮೊಮ್ಮೆ ಇಲ್ಲ. ಡೆಸ್ಕ್‌ಟಾಪಿನ ಮೇಲೆ ಒಂದು ಶಾರ್ಟ್‌ಕಟ್ ಮಾಡಿಟ್ಟುಕೊಂಡು ಆ ಪಟ್ಟಿಯನ್ನು ಮರೆತುಬಿಡಿ.

ಪ್ರಶ್ನೆ: ವಿಂಡೋಸ್ 10ರ ಸಪೋರ್ಟ್ ನಿಂತಿತಲ್ಲ, ಶೇರಿಂಗೂ ನಿಲ್ಲುತ್ತದಾ?
– ಹೊನ್ನಾಳಿ

ಉತ್ತರ: ಇಲ್ಲ. 2025ರ ಅಕ್ಟೋಬರ್ 14ಕ್ಕೆ ನಿಂತದ್ದು ಉಚಿತ ಅಪ್‌ಡೇಟ್. ಶೇರಿಂಗ್ ಮೊದಲಿನ ಹಾಗೇ ನಡೆಯುತ್ತದೆ. ಮನೆ ಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಮುಂದುವರಿಸಿಕೊಳ್ಳುವ ಯೋಜನೆ ಇದೆ, ಸೆಟಿಂಗ್ಸಿನ ಅಪ್‌ಡೇಟ್ ಪುಟದಲ್ಲಿ ನೋಡಿ.

ಪ್ರಶ್ನೆ: ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತೇನೆ. ಎರಡು ಕಂಪ್ಯೂಟರಿನ ನಡುವೆ 40 ಜಿಬಿ ಕಾಪಿ ಮಾಡಲು ಒಂದು ಗಂಟೆ ಹಿಡಿಯುತ್ತದೆ. ವೈಫೈ ಅಲ್ಲ, ಕೇಬಲ್ಲೇ ಹಾಕಿಸಿದ್ದೇನೆ. ಒಂದರಲ್ಲಿ 10, ಇನ್ನೊಂದರಲ್ಲಿ 11 ಇರುವುದಕ್ಕೆ ಹೀಗಾ?
– ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ನೀವು ಕೊಟ್ಟ ಲೆಕ್ಕವೇ ಉತ್ತರ ಹೇಳುತ್ತಿದೆ. ಗಂಟೆಗೆ 40 ಜಿಬಿ ಅಂದರೆ ಸೆಕೆಂಡಿಗೆ ಸುಮಾರು 11 ಎಂಬಿ. 100 ಎಂಬಿಪಿಎಸ್ ಲಿಂಕಿನಲ್ಲಿ ಬರುವುದೇ ಅಷ್ಟು (ಆ 100 ಬಿಟ್ ಲೆಕ್ಕ, ಎಂಟು ಬಿಟ್‌ಗೆ ಒಂದು ಬೈಟ್). ನಿಮ್ಮ ಕಂಪ್ಯೂಟರ್‌ಗಳು ಈಚಿನವು, ಅವು 1000 ಕೊಡಬೇಕು. 10ಕ್ಕೂ 11ಕ್ಕೂ ಇದರಲ್ಲಿ ಜಗಳ ಇಲ್ಲ.

ಕೇಬಲ್ಲಿನ ತುದಿಯ ಪಾರದರ್ಶಕ ಪಿನ್ ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ. ಒಳಗೆ ಎಂಟು ಎಳೆ ಕಾಣಬೇಕು: ಕೇಸರಿ, ಹಸಿರು, ನೀಲಿ, ಕಂದು, ಅವುಗಳ ಜೊತೆಗೆ ಬಿಳಿ ಪಟ್ಟೆಯವು ನಾಲ್ಕು. ನೀಲಿ, ಕಂದು ಇಲ್ಲದೆ ಬರೀ ನಾಲ್ಕು ಎಳೆ ಇದ್ದರೆ ಸಿಕ್ಕಿಬಿದ್ದ ಹಾಗೆ. ನಾಲ್ಕೇ ಎಳೆಯ ಅಗ್ಗದ ಕೇಬಲ್ ಹಾಕಿ ಹೋಗುವವರಿದ್ದಾರೆ. ಇಂಟರ್‌ನೆಟ್ ಅದರಲ್ಲೇ ಓಡುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಗಿಗಾಬಿಟ್‌ಗೆ, ಅಂದರೆ ಆ 1000ಕ್ಕೆ, ಎಂಟೂ ಬೇಕು. ಎಂಟೂ ಇದ್ದರೆ ನಡುವಿನ ಸ್ವಿಚ್ ಅಥವಾ ರೂಟರಿನ ಮೇಲೆ ಅನುಮಾನ. ಕಡಿಮೆ ಬೆಲೆಯ ರೂಟರ್‌ಗಳ ಲ್ಯಾನ್ ತೂತು ಈಗಲೂ 100ರದ್ದೇ ಇರುತ್ತದೆ, ಡಬ್ಬದ ಮೇಲೆ ಗಿಗಾಬಿಟ್ ಅಂತ ಬರೆದಿದೆಯಾ ನೋಡಿ.

ಕ್ಯಾಟ್ 6 ಕೇಬಲ್ ಎಳೆಸಿ, ಪಿನ್ ಹೊಡೆಯುವಾಗ ಪಕ್ಕದಲ್ಲೇ ನಿಂತುಕೊಳ್ಳಿ. ಎರಡೂ ಕಡೆ ಎಸ್‌ಎಸ್‌ಡಿ ಇದ್ದರೆ ಅದೇ 40 ಜಿಬಿ ಆರೇಳು ನಿಮಿಷಕ್ಕೆ ಮುಗಿಯುತ್ತದೆ.